ಲಫ್ರಾಯ್ಗ್ 10: ಟಿಂಚರ್ ವಾಸನೆ ಸಹಜವೇ? ಯಾವ ಹಂತದಲ್ಲಿ ಸೇರುತ್ತದೆ?

ಸರಸ್ವತಿಪುರಂ ವಾಸಿ, ಮೈಸೂರು

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಲಫ್ರಾಯ್ಗ್ 10 ವರ್ಷದ ವಿಸ್ಕಿ ಬಾಟಲಿ ಇದೆ. ವಿಮಾನ ನಿಲ್ದಾಣದ ಅಂಗಡಿಯದು, 1 ಲೀಟರ್, ಲೇಬಲ್ ಮೇಲೆ ಮದ್ಯಾಂಶ ಶೇ. 40 ಎಂದಿದೆ. ಬಿರಡೆ ತೆಗೆದ ಕೂಡಲೇ ಟಿಂಚರ್, ಬ್ಯಾಂಡೇಜ್ ಬಟ್ಟೆ, ಸುಟ್ಟ ಹಗ್ಗದ ಥರದ ವಾಸನೆ ಮೂಗಿಗೆ ಹೊಡೆಯುತ್ತದೆ. ಇಲ್ಲಿಯವರೆಗೆ ಗೊತ್ತಿರುವುದು ಗ್ಲೆನ್‌ಫಿಡಿಕ್, ಗ್ಲೆನ್‌ಲಿವೆಟ್ ಅಷ್ಟೇ. ಅವುಗಳಲ್ಲಿ ಸೇಬು, ಪೇರಳೆ, ಜೇನು ಸಿಗುತ್ತದೆ. ಇದರಲ್ಲಿ ಅದ್ಯಾವುದೂ ಇಲ್ಲ.

ಕೇಳಬೇಕಾದದ್ದು ಇಷ್ಟು. ಈ ವಾಸನೆ ಸಹಜವೇ? ಸಹಜವಾದರೆ ತಯಾರಿಕೆಯ ಯಾವ ಹಂತದಲ್ಲಿ ಸೇರುತ್ತದೆ? ಮೂರೂ ಸಿಂಗಲ್ ಮಾಲ್ಟ್ ಸ್ಕಾಚ್, ಮೂರಕ್ಕೂ ಬಾರ್ಲಿ, ನೀರು, ಯೀಸ್ಟ್ ಬಿಟ್ಟರೆ ಬೇರೇನಿಲ್ಲ ಅನ್ನುತ್ತಾರೆ. ಹಾಗಿದ್ದರೆ ಇಷ್ಟು ವ್ಯತ್ಯಾಸ ಹೇಗೆ? ಇನ್ನೊಂದು, ನಮ್ಮ ಊರಿನ ಏಪ್ರಿಲ್-ಮೇ ಸೆಖೆಯಲ್ಲಿ ಇದನ್ನು ಹೇಗೆ ಕುಡಿಯಬೇಕು, ಹೇಗೆ ಇಡಬೇಕು? ವಿವರವಾಗಿ ಬರೆದರೆ ಉಪಕಾರ.


ಹೊಗೆಗೂಡು, ಮೈಸೂರು

ಸಹಜವೇ ಸಾರ್. ಲಫ್ರಾಯ್ಗ್ ಬಾಟಲಿಯಲ್ಲಿ ಆ ವಾಸನೆ ಇರದಿದ್ದರೆ ಅನುಮಾನ ಪಡಬೇಕಿತ್ತು.

ಅದರ ಮೂಲ ಪೀಟ್. ಜೌಗು ನೆಲದಲ್ಲಿ ಪಾಚಿ, ಹುಲ್ಲು, ಕುರುಚಲು ಗಿಡಗಳು ಪೂರ್ತಿ ಕೊಳೆಯದೆ ಸಾವಿರಾರು ವರ್ಷ ಪದರ ಪದರವಾಗಿ ಕೂತು ಆದ ಕಪ್ಪು ಮಣ್ಣಿಗೆ ಪೀಟ್ ಅನ್ನುತ್ತಾರೆ. ಉದ್ದುದ್ದ ತುಂಡುಗಳಾಗಿ ಕೊಯ್ದು, ಗಾಳಿಗೆ ಒಣಗಿಸಿ ಉರಿಸುತ್ತಾರೆ. ಲಫ್ರಾಯ್ಗ್ ಇರುವುದು ಸ್ಕಾಟ್ಲೆಂಡಿನ ಪಶ್ಚಿಮಕ್ಕಿರುವ ಐಲಾ ದ್ವೀಪದ ದಕ್ಷಿಣ ದಂಡೆಯಲ್ಲಿ. ಅಲ್ಲಿ ಮರ ಕಡಿಮೆ, ಪೀಟ್ ಧಾರಾಳ, ಹಾಗಾಗಿ ಒಲೆಗೂ ಅದೇ, ಮಾಲ್ಟ್ (ಮೊಳಕೆ ಬರಿಸಿದ ಬಾರ್ಲಿ) ಒಣಗಿಸುವುದಕ್ಕೂ ಅದೇ.

ಹೊಗೆ ಸೇರುವುದು ಒಂದೇ ಹಂತದಲ್ಲಿ, ಮೊಳಕೆ ಬಂದ ಬಾರ್ಲಿಯನ್ನು ಒಣಗಿಸುವಾಗ. ಬಾರ್ಲಿಯನ್ನು ಎರಡು ದಿನದಷ್ಟು ನೆನೆಹಾಕಿ, ನಡುನಡುವೆ ನೀರು ಬಸಿದು ಉಸಿರಾಡಲು ಬಿಟ್ಟು, ತೇವಾಂಶವನ್ನು ಸುಮಾರು ಶೇ. 45ಕ್ಕೆ ತರುತ್ತಾರೆ. ಆಮೇಲೆ ನೆಲದ ಮೇಲೆ ಹರಡಿ ಐದಾರು ದಿನ ಮೊಳಕೆ ಬರಿಸುತ್ತಾರೆ. ದಿನಕ್ಕೆ ಹಲವು ಸಲ ಮಗುಚಬೇಕು. ಬಿಟ್ಟರೆ ಬೇರುಗಳು ಹೆಣೆದುಕೊಂಡು ಗಂಟು ಕಟ್ಟುತ್ತವೆ, ಒಳಗೆ ಕಾವು ಹೆಚ್ಚಿ ಬೂಷ್ಟು ಹಿಡಿಯುತ್ತದೆ. ಮೊಳಕೆ ತೀರಾ ಬೆಳೆದರೆ ಮುಂದೆ ಸಕ್ಕರೆಯಾಗಬೇಕಾದ ಪಿಷ್ಟವನ್ನು ಗಿಡವೇ ತಿಂದುಬಿಡುತ್ತದೆ. ಅದಕ್ಕೆ ಸರಿಯಾದ ಹೊತ್ತಿಗೆ ಗೂಡಿಗೆ ಏರಿಸಿ ಒಣಗಿಸಬೇಕು.

ಗೂಡಿನ ಮೇಲ್ಮಹಡಿಯಲ್ಲಿ ತೂತುಗಳಿರುವ ನೆಲ, ಕೆಳಗೆ ಪೀಟ್ ಬೆಂಕಿ. ಉರಿ ಏಳಬಾರದು, ಹೊಗೆಯಷ್ಟೇ ಏಳಬೇಕು. ಅದಕ್ಕಾಗಿ ಪೀಟನ್ನು ಸ್ವಲ್ಪ ಹಸಿಯಾಗಿಯೇ ಇಟ್ಟು, ಪುಡಿ ಸೇರಿಸಿ, ಉರಿಯನ್ನು ಅದುಮಿ ಹಿಡಿಯುತ್ತಾರೆ. ಹೊಗೆ ಕಾಳಿಗೆ ಚೆನ್ನಾಗಿ ಅಂಟುವುದು ಮೇಲ್ಮೈ ಒದ್ದೆಯಾಗಿರುವವರೆಗೆ ಮಾತ್ರ. ಸಿಪ್ಪೆ ಒಣಗಿದ ಮೇಲೆ ಎಷ್ಟು ಪೀಟ್ ಸುಟ್ಟರೂ ದಂಡ. ಲಫ್ರಾಯ್ಗ್‌ನವರು ಮೊದಲು ಕಡಿಮೆ ಕಾವಿನಲ್ಲಿ ಹೊಗೆ ಹಿಡಿಸಿ, ಆಮೇಲಷ್ಟೇ ಬಿಸಿಗಾಳಿಯಿಂದ ಪೂರ್ತಿ ಒಣಗಿಸುತ್ತಾರೆ. ಕಾವನ್ನು ಆರಂಭದಲ್ಲೇ ಏರಿಸಿದರೆ ಇನ್ನೊಂದು ನಷ್ಟವೂ ಇದೆ: ಪಿಷ್ಟವನ್ನು ಸಕ್ಕರೆ ಮಾಡುವ ಕಿಣ್ವಗಳು ಒದ್ದೆ ಕಾಳಿನಲ್ಲಿ ಬೇಗ ಸಾಯುತ್ತವೆ.

ಅಲ್ಲಿ ಬೇಕಾಗುವ ಮಾಲ್ಟಿನ ಸುಮಾರು ಐದನೇ ಒಂದು ಪಾಲು ಮಾತ್ರ ಅವರದೇ ನೆಲದ ಮೇಲಿನದು. ಮಿಕ್ಕದ್ದು ಹೊರಗಿನ ಮಾಲ್ಟ್ ತಯಾರಕರಿಂದ ಬರುತ್ತದೆ. ನೀವು ಹೇಳಿದ ಗ್ಲೆನ್‌ಫಿಡಿಕ್, ಗ್ಲೆನ್‌ಲಿವೆಟ್‌ಗಳ ಮಾಮೂಲಿ ಬಾಟಲಿಗಳಿಗೆ ಪೀಟ್ ಹೊಗೆ ಇಲ್ಲದೆ ಒಣಗಿಸಿದ ಮಾಲ್ಟ್ ಬಳಸುತ್ತಾರೆ. ನಿಮ್ಮ ಮೂಗಿಗೆ ಸಿಕ್ಕ ವ್ಯತ್ಯಾಸದ ಮುಕ್ಕಾಲು ಪಾಲು ಇಲ್ಲೇ ತೀರಿತು.

ಇನ್ನು ಟಿಂಚರ್ ವಾಸನೆ. ಪೀಟ್ ಹೊಗೆಯಲ್ಲಿ ಫಿನಾಲ್ ಎಂಬ ಗುಂಪಿನ ರಾಸಾಯನಿಕಗಳಿವೆ. ಗ್ವಾಯಕಾಲ್ ಹೊಗೆಯ ವಾಸನೆ ಕೊಡುತ್ತದೆ, ಕ್ರೆಸಾಲ್‌ಗಳು ಆಸ್ಪತ್ರೆ ವಾಸನೆ ಕೊಡುತ್ತವೆ. ನಮ್ಮ ಮನೆಗಳ ಕಪ್ಪು ಫಿನಾಯಿಲ್‌ನಲ್ಲಿರುವುದು ಇದೇ ಕುಲದ್ದು. ಡೆಟಾಲ್‌ನ ಮುಖ್ಯ ಅಂಶವಾದ ಕ್ಲೋರೋಕ್ಸೈಲಿನಾಲ್ ಕೂಡ ಫಿನಾಲ್ ಕುಲದ್ದೇ. ಜೋಸೆಫ್ ಲಿಸ್ಟರ್ 1865ರಲ್ಲಿ ಗಾಯ ಕೊಳೆಯದಂತೆ ಮೊದಲು ಬಳಸಿದ್ದು ಕಾರ್ಬಾಲಿಕ್ ಆಮ್ಲ, ಅಂದರೆ ಫಿನಾಲ್. ಅದೂ ಸ್ಕಾಟ್ಲೆಂಡಿನ ಗ್ಲ್ಯಾಸ್ಗೊ ಆಸ್ಪತ್ರೆಯಲ್ಲಿ. ಹಾಗಾಗಿ ನಿಮ್ಮ ಮೂಗು ಹೇಳಿದ್ದು ಸರಿಯಾಗಿಯೇ ಇದೆ.

ಫಿನಾಲ್ ಪ್ರಮಾಣವನ್ನು ಪಿಪಿಎಂನಲ್ಲಿ, ಅಂದರೆ ಹತ್ತು ಲಕ್ಷ ಪಾಲಿನಲ್ಲಿ ಎಷ್ಟು ಪಾಲು ಎಂದು ಅಳೆಯುತ್ತಾರೆ. ಲಫ್ರಾಯ್ಗ್ ಮಾಲ್ಟ್ 40ರಿಂದ 45 ಪಿಪಿಎಂ. ಪಕ್ಕದ ಲಾಗವುಲಿನ್ ಡಿಸ್ಟಿಲರಿಯದು 35ರ ಹತ್ತಿರ. ಒಂದು ಎಚ್ಚರಿಕೆ: ಈ ಅಂಕಿ ಮಾಲ್ಟಿನದು, ಬಾಟಲಿಯದಲ್ಲ. ಸಿಪ್ಪೆಯ ಜೊತೆ ಸ್ವಲ್ಪ, ಭಟ್ಟಿಯ ತಳದಲ್ಲಿ ಸ್ವಲ್ಪ, ಪೀಪಾಯಿಯಲ್ಲಿ ವರ್ಷ ಕಳೆದಂತೆ ಇನ್ನಷ್ಟು ಹೋಗಿ, ಬಾಟಲಿಗೆ ಬರುವುದು ಅರ್ಧಕ್ಕಿಂತ ಕಡಿಮೆ. ಎಷ್ಟು ಉಳಿಯಬೇಕು ಎಂದು ತೀರ್ಮಾನವಾಗುವುದು ಭಟ್ಟಿಯಲ್ಲಿ. ಅದನ್ನು ಇನ್ನೊಂದು ಪೋಸ್ಟ್‌ನಲ್ಲಿ ಬರೆಯುತ್ತೇನೆ, ಇದು ಆಗಲೇ ಉದ್ದವಾಯಿತು.


ಗಂಗೋತ್ರಿ ಬಡಾವಣೆ, ಮೈಸೂರು

ಸಣ್ಣ ತಿದ್ದುಪಡಿ. ಐಲಾದ ನೀರೇ ಪೀಟ್ ನೆಲದ ಮೇಲೆ ಹರಿದು ಕಂದು ಬಣ್ಣಕ್ಕೆ ತಿರುಗಿರುತ್ತದೆ. ಹೊಗೆ ರುಚಿಗೆ ಆ ನೀರೂ ಕಾರಣ ಎಂದು ಬಹಳ ಕಡೆ ಓದಿದ್ದೇನೆ.


ಹೊಗೆಗೂಡು, ಮೈಸೂರು

ನೀರು ಕಂದು ಇರುವುದು ನಿಜ. ಲಫ್ರಾಯ್ಗ್‌ಗೆ ಕಿಲ್‌ಬ್ರೈಡ್ ಹಳ್ಳದ ನೀರು ಬರುತ್ತದೆ. ಆದರೆ ಹೊಗೆ ಹುಟ್ಟಬೇಕಾದರೆ ಪೀಟ್ ಸುಡಬೇಕು. ಸುಡದ ಪೀಟಿನ ಮೇಲೆ ಹರಿದ ನೀರಿನಲ್ಲಿ ಬಣ್ಣವೂ ಒಂದಿಷ್ಟು ಮಣ್ಣಿನ ಗುಣವೂ ಇರಬಹುದು, ಸುಟ್ಟಾಗ ಹುಟ್ಟುವ ಹೊಗೆಯ ಫಿನಾಲ್ ಇರುವುದಿಲ್ಲ. ಇದಕ್ಕೆ ಸುಲಭದ ಸಾಕ್ಷಿ ಅದೇ ದ್ವೀಪದ ಬ್ರುಕ್‌ಲ್ಯಾಡಿ. ಒಂದೇ ಡಿಸ್ಟಿಲರಿಯಲ್ಲಿ ಹೊಗೆಯಿಲ್ಲದ ಬ್ರುಕ್‌ಲ್ಯಾಡಿಯನ್ನೂ ತೀರಾ ಹೊಗೆಯ ಆಕ್ಟೊಮೋರ್ ಅನ್ನೂ ಇಳಿಸುತ್ತಾರೆ. ಬದಲಾಗುವುದು ಮಾಲ್ಟ್.

ಈಗ ಭಟ್ಟಿಯ ವಿಷಯಕ್ಕೆ ಬರುತ್ತೇನೆ. ನನ್ನ ಪ್ರಕಾರ ಲಫ್ರಾಯ್ಗ್ ಲಫ್ರಾಯ್ಗ್ ಆಗುವುದು ಇಲ್ಲಿ.

ಮಾಲ್ಟನ್ನು ನುಚ್ಚು ಮಾಡುತ್ತಾರೆ. ಸಾಮಾನ್ಯ ಲೆಕ್ಕ ಸಿಪ್ಪೆ ಶೇ. 20, ನುಚ್ಚು ಶೇ. 70, ಹಿಟ್ಟು ಶೇ. 10. ಹಿಟ್ಟು ಹೆಚ್ಚಾದರೆ ತೊಟ್ಟಿಯ ತಳದ ಜರಡಿ ಕಟ್ಟಿಕೊಂಡು ರಸ ಇಳಿಯುವುದೇ ಇಲ್ಲ. ಕಡಿಮೆಯಾದರೆ ಸಕ್ಕರೆ ಪೂರ್ತಿ ಬಿಡುವುದಿಲ್ಲ. ಲಫ್ರಾಯ್ಗ್‌ನಲ್ಲಿ ಒಂದು ಸಲಕ್ಕೆ 5.5 ಟನ್. ಮೊದಲ ನೀರು 63-64 ಡಿಗ್ರಿ ಸೆಲ್ಸಿಯಸ್. ನಾಲ್ಕೈದು ಡಿಗ್ರಿ ಹೆಚ್ಚಾದರೂ ಸಕ್ಕರೆ ಮಾಡುವ ಕಿಣ್ವ ಸಾಯಲು ಶುರುವಾಗುತ್ತದೆ. ಎರಡನೇ, ಮೂರನೇ ನೀರು ಇನ್ನೂ ಬಿಸಿ. ಅವು ಅಳಿದುಳಿದ ಸಕ್ಕರೆಯನ್ನು ತೊಳೆದು ತರಲಿಕ್ಕೆ. ಸಿಹಿರಸವನ್ನು 20 ಡಿಗ್ರಿಯ ಹತ್ತಿರಕ್ಕೆ ತಣಿಸಿ ಯೀಸ್ಟ್ ಹಾಕುತ್ತಾರೆ, ಸುಮಾರು 55 ಗಂಟೆ ಹುದುಗುತ್ತದೆ. ಹುದುಗುವಾಗ ತಾನಾಗಿ ಕಾವೇರುತ್ತದೆ, 35 ಡಿಗ್ರಿ ದಾಟಿದರೆ ಯೀಸ್ಟ್ ಬಳಲಿ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಕೊನೆಗೆ ಸಿಗುವುದು ಶೇ. 8ರ ಆಸುಪಾಸಿನ ಹುಳಿ ಬಿಯರ್.

ತಾಮ್ರದ ಹಂಡೆಗಳು ಒಟ್ಟು ಏಳು, ಮೊದಲ ಭಟ್ಟಿಗೆ ಮೂರು, ಎರಡನೆಯದಕ್ಕೆ ನಾಲ್ಕು. ಮೊದಲ ಭಟ್ಟಿಯಲ್ಲಿ ನೊರೆ ಕುತ್ತಿಗೆಗೆ ಏರುತ್ತದೆ, ಅದಕ್ಕೇ ಕುತ್ತಿಗೆಯಲ್ಲಿ ಗಾಜಿನ ಕಿಟಕಿ ಇರುತ್ತದೆ. ನೊರೆ ಕಂಡ ಕೂಡಲೇ ಉಗಿ ತಗ್ಗಿಸದಿದ್ದರೆ ಹುದುಗು ಹಾಗೆಯೇ ಉಕ್ಕಿ ಆಚೆ ಬಂದು ಇಡೀ ಇಳಿತ ಕೆಡುತ್ತದೆ. ಇದರಲ್ಲಿ ಬರುವುದು ಶೇ. 20-25ರ ಮದ್ಯ. ಅದನ್ನು ಎರಡನೇ ಹಂಡೆಗೆ ಹಾಕುತ್ತಾರೆ.

ಎರಡನೇ ಇಳಿತದಲ್ಲಿ ಮೂರು ಪಾಲು. ಮೊದಲು ಬರುವುದು ಘಾಟು, ಅದನ್ನು ವಾಪಸ್ ಹಂಡೆಗೆ ಕಳಿಸಬೇಕು. ನಡುವಿನದು ಪೀಪಾಯಿಗೆ. ಕೊನೆಯದು ಭಾರದ, ಎಣ್ಣೆಯ ಪಾಲು, ಅದೂ ವಾಪಸ್. ಹಣ್ಣಿನ ಪರಿಮಳದ ಎಸ್ಟರ್‌ಗಳು ಮುಂಚೆ ಬರುತ್ತವೆ, ಫಿನಾಲ್‌ಗಳು ತಡವಾಗಿ ಬರುತ್ತವೆ. ಲಫ್ರಾಯ್ಗ್‌ನಲ್ಲಿ ಮೊದಲ ಪಾಲನ್ನು 45 ನಿಮಿಷ ಹಾಗೇ ಹೋಗಲು ಬಿಡುತ್ತಾರೆ. ಸ್ಕಾಟ್ಲೆಂಡಿನಲ್ಲಿ ಇಷ್ಟು ಹೊತ್ತು ಬಿಡುವವರು ವಿರಳ, ಬಹಳ ಕಡೆ 15ರಿಂದ 30 ನಿಮಿಷ. ಅಲ್ಲಿಗೆ ಸೇಬು, ಪೇರಳೆಯ ಪರಿಮಳದ ದೊಡ್ಡ ಪಾಲು ಹೊರಗೇ ಉಳಿಯಿತು. ಶೇ. 72ಕ್ಕೆ ಹಿಡಿಯಲು ಶುರು ಮಾಡಿ ಶೇ. 60ರ ಹತ್ತಿರದವರೆಗೆ ಹಿಡಿಯುತ್ತಾರೆ. ಅಷ್ಟು ಕೆಳಗಿಳಿದಾಗ ಕ್ರೆಸಾಲ್, ಟಾರು ವಾಸನೆ ಒಳಗೆ ಬರುತ್ತದೆ. ಇನ್ನೂ ಕೆಳಗಿಳಿದರೆ ಬೆವರು, ರಬ್ಬರ್, ಹಳಸಿದ ಎಣ್ಣೆ ಬರುತ್ತದೆ, ಅದು ಎಷ್ಟು ವರ್ಷ ಪೀಪಾಯಿಯಲ್ಲಿಟ್ಟರೂ ಪೂರ್ತಿ ಹೋಗುವುದಿಲ್ಲ.

ಹಣ್ಣು ಏಕಿಲ್ಲ ಎಂಬ ನಿಮ್ಮ ಪ್ರಶ್ನೆಗೆ ಉತ್ತರ ಆ 45 ನಿಮಿಷದಲ್ಲಿದೆ.

ಇದನ್ನೆಲ್ಲ ಅವರು ರುಚಿ ನೋಡಿ ಮಾಡುವುದಿಲ್ಲ. ಇಳಿತ ಹರಿಯುವುದು ಹಿತ್ತಾಳೆ ಚೌಕಟ್ಟಿನ, ಬೀಗ ಹಾಕಿದ ಗಾಜಿನ ಪೆಟ್ಟಿಗೆಯೊಳಗೆ. ಸುಂಕದ ಕಾರಣಕ್ಕೆ ಹುಟ್ಟಿದ ಏರ್ಪಾಡು ಅದು. ಹೊರಗಿನಿಂದ ಹಿಡಿಕೆ ತಿರುಗಿಸಿ, ಒಳಗಿನ ಗಾಜಿನ ಪಾತ್ರೆಗೆ ಒಂದಿಷ್ಟು ಇಳಿತ ಬಿಟ್ಟು, ನೀರು ಬೆರೆಸಿ ಶೇ. 46ರ ಹತ್ತಿರಕ್ಕೆ ತರುತ್ತಾರೆ. ಹಾಲಿನಂತೆ ಮಂಕಾದರೆ ಹಿಂದಿನ ಇಳಿತದ ಎಣ್ಣೆ ಇನ್ನೂ ಕೊಳವೆಯಲ್ಲಿದೆ ಎಂದರ್ಥ. ತಿಳಿಯಾಗಿ ನಿಂತರೆ ಮೊದಲ ಪಾಲು ಮುಗಿಯಿತು. ಆಮೇಲೆ ಮದ್ಯಾಂಶ ಅಳೆಯುವ ತೇಲುಮಾಪಕ, ತಾಪಮಾನ, ಗಡಿಯಾರ, ಈ ಮೂರನ್ನು ನೋಡಿಕೊಂಡು ಹಿಡಿಕೆ ತಿರುಗಿಸುವುದು.


ಆಲೆಮನೆ ಹಾದಿ, ಮಂಡ್ಯ

ಅಣ್ಣ, ಈ ಪಾಲು ಬೇರೆ ಮಾಡೋ ವಿಷ್ಯ ನಮ್ ಕಡೆ ಆಲೆಮನೆ ಕಂಡೋರಿಗೆ ಬೇಗ ಅರ್ಥ ಆಯ್ತದೆ. ಕೊಪ್ಪರಿಗೆಯಿಂದ ಪಾಕ ಇಳಿಸೋ ಗಳಿಗೆ ಒಂದೇ. ಒಂಚೂರು ಮುಂಚೆ ಇಳಿಸಿದ್ರೆ ಬೆಲ್ಲ ಅಚ್ಚಲ್ಲಿ ನಿಲ್ಲಲ್ಲ, ತಡ ಆದ್ರೆ ಸೀದು ಕಪ್ಪಾಯ್ತದೆ. ಕಬ್ಬು ಒಂದೇ, ಗಾಣ ಒಂದೇ, ಆದ್ರೂ ಇಬ್ರು ಇಳಿಸಿದ ಬೆಲ್ಲ ಒಂದೇ ಥರ ಇರಲ್ಲ.

ನಾನು ಸೇರಿಸೋದು ಕಾಕಂಬಿ ವಿಷ್ಯ, ಯಾಕಂದ್ರೆ ಇಲ್ಲಿ ಬಹಳ ಜನ ಅದನ್ನೂ ಇದನ್ನೂ ಬೆರೆಸ್ಕತಾರೆ. ಮಂಡ್ಯದ ಮೈಷುಗರ್ ಕಾರ್ಖಾನೆ 1933ರದು. ಸಕ್ಕರೆ ತೆಗೆದ ಮೇಲೆ ಉಳಿಯೋ ಕಾಕಂಬಿಯ ಹುದುಗಿಸಿ, ಎತ್ತರದ ಕಾಲಮ್ ಭಟ್ಟಿಲಿ ಶೇ. 95-96ರ ಗಂಟ ಏರಿಸಿದ್ರೆ ಬರೋದು ನ್ಯೂಟ್ರಲ್ ಸ್ಪಿರಿಟ್. ಅದರಲ್ಲಿ ಕಬ್ಬಿನ ವಾಸನೆನೂ ಇಲ್ಲ, ಯಾವ ವಾಸನೆನೂ ಇಲ್ಲ. ನಮ್ಮಲ್ಲಿ ಕಡಿಮೆ ಬೆಲೆಗೆ ಸಿಗೋ ವಿಸ್ಕಿ ಬಹುಪಾಲು ಇಂಥ ಸ್ಪಿರಿಟ್ಟಿಗೆ, ಇಲ್ಲಾ ಧಾನ್ಯದ ಸ್ಪಿರಿಟ್ಟಿಗೆ, ಒಂದಿಷ್ಟು ಮಾಲ್ಟು, ಬಣ್ಣ, ಪರಿಮಳ ಸೇರಿಸಿ ಮಾಡಿದ್ದು. ಸ್ಕಾಟ್ಲೆಂಡಲ್ಲಿ ಕಾಕಂಬಿದಕ್ಕೆ ವಿಸ್ಕಿ ಅನ್ನೋ ಹೆಸರೇ ಕೊಡಂಗಿಲ್ಲ.

ಅಲ್ಲಿನ 2009ರ ಕಾನೂನು ಹಿಂಗದೆ: ಧಾನ್ಯದಿಂದಲೇ ಆಗಬೇಕು, ಭಟ್ಟಿಲಿ ಶೇ. 94.8ಕ್ಕಿಂತ ಕಮ್ಮಿಗೆ ಇಳಿಸಬೇಕು, 700 ಲೀಟರ್ ಮೀರದ ಓಕ್ ಪೀಪಾಯಿಲಿ ಸ್ಕಾಟ್ಲೆಂಡಲ್ಲೇ 3 ವರ್ಷಕ್ಕೆ ಕಮ್ಮಿ ಇಲ್ದಂಗೆ ಇಡಬೇಕು, ಬಾಟಲಿಲಿ ಶೇ. 40ಕ್ಕೆ ಕಮ್ಮಿ ಇರಕೂಡದು. ಸೇರಿಸಬಹುದಾದ್ದು ನೀರು, ಬರೀ ಬಣ್ಣಕ್ಕೆ ಸುಟ್ಟ ಸಕ್ಕರೆ, ಎರಡೇ. ಸಿಂಗಲ್ ಮಾಲ್ಟ್ ಆಗಬೇಕಾದ್ರೆ ಮಾಲ್ಟ್ ಮಾಡಿದ ಬಾರ್ಲಿ ಬಿಟ್ಟು ಬೇರೆ ಧಾನ್ಯ ಇಲ್ಲ, ಹಂಡೆ ಭಟ್ಟಿಲೇ ಇಳಿಸಬೇಕು, ಒಂದೇ ಡಿಸ್ಟಿಲರಿದು ಆಗಿರಬೇಕು. ಒಂದೇ ಪೀಪಾಯಿದು ಅಂತ ಕೆಲವ್ರು ತಿಳ್ಕಂಡವ್ರೆ, ಅದು ಬೇರೆ. ಲಫ್ರಾಯ್ಗ್ 10 ಅನ್ನೋದು ಎಷ್ಟೋ ಪೀಪಾಯಿ ಬೆರೆಸಿದ್ದು, ಅದರಲ್ಲಿ ಎಲ್ಲಕ್ಕಿಂತ ಎಳೇದಕ್ಕೆ 10 ವರ್ಷ ಆಗಿರಬೇಕು.

ಬಣ್ಣ ನೋಡಿ ವಯಸ್ಸು ಹೇಳಕ್ಕೆ ಹೋಗಬೇಡಿ. ಸುಟ್ಟ ಸಕ್ಕರೆ ಹಾಕಿದ್ರೆ ಎಳೇದೂ ಕಪ್ಪಗೆ ಕಾಣ್ತದೆ.


ಹಳೇ ಕಡತ, ಮೈಸೂರು

ಇತಿಹಾಸ ಕೇಳಿಲ್ಲವಾದರೂ ಈ ವಾಸನೆಗೂ ಅದಕ್ಕೂ ನಂಟಿದೆ, ಅದಕ್ಕೆ ಬರೆಯುತ್ತಿದ್ದೇನೆ.

ಸ್ಕಾಟ್ಲೆಂಡಿನ ಖಜಾನೆ ಲೆಕ್ಕದಲ್ಲಿ 1494ರಲ್ಲೇ ಜಾನ್ ಕಾರ್ ಎಂಬ ಸನ್ಯಾಸಿಗೆ ಮದ್ಯ ಇಳಿಸಲು 8 ಬೋಲ್ (ಆಗಿನ ಧಾನ್ಯದ ಅಳತೆ) ಮಾಲ್ಟ್ ಕೊಟ್ಟ ನಮೂದಿದೆ. ಕಾನೂನುಬದ್ಧ ಡಿಸ್ಟಿಲರಿಗಳು ಬೆಳೆದದ್ದು 1823ರ ಅಬಕಾರಿ ಕಾಯ್ದೆ ಸುಂಕ ಇಳಿಸಿದ ಮೇಲೆ. ಲಫ್ರಾಯ್ಗ್ ತನ್ನ ಹುಟ್ಟನ್ನು 1815 ಎಂದು ಹೇಳಿಕೊಳ್ಳುತ್ತದೆ. ಡೊನಾಲ್ಡ್ ಮತ್ತು ಅಲೆಕ್ಸಾಂಡರ್ ಜಾನ್‌ಸ್ಟನ್ ಎಂಬ ಅಣ್ಣತಮ್ಮಂದಿರು ಕಟ್ಟಿದ್ದು. ಡೊನಾಲ್ಡ್ ತೀರಿಕೊಂಡದ್ದು 1847ರಲ್ಲಿ.

ನಾನು ಮುಖ್ಯ ಅಂದುಕೊಂಡಿರುವುದು 1908ರ ಪ್ರಸಂಗ. ಪಕ್ಕದ ಲಾಗವುಲಿನ್‌ನ ಪೀಟರ್ ಮ್ಯಾಕಿ ಅವರಿಗೆ ಲಫ್ರಾಯ್ಗ್ ಮಾರುವ ಏಜೆನ್ಸಿ ಇತ್ತು. ಅದು ಕೈತಪ್ಪಿದಾಗ ಸಿಟ್ಟಿಗೆದ್ದು ಲಫ್ರಾಯ್ಗ್‌ನ ನೀರಿಗೆ ಅಡ್ಡಕಟ್ಟಿದರು, ವಿಷಯ ಕೋರ್ಟಿಗೆ ಹೋಗಿ ಸೋತರು. ಆಮೇಲೆ ಲಾಗವುಲಿನ್ ಅಂಗಳದಲ್ಲೇ ಮಾಲ್ಟ್ ಮಿಲ್ ಎಂಬ ಸಣ್ಣ ಡಿಸ್ಟಿಲರಿ ಕಟ್ಟಿಸಿದರು. ಲಫ್ರಾಯ್ಗ್ ಮಾದರಿಯ ಹಂಡೆ, ಪೀಟ್ ಹೊಗೆ, ಲಫ್ರಾಯ್ಗ್‌ನಿಂದಲೇ ಕರೆತಂದ ಕೆಲಸಗಾರ, ಎಲ್ಲ ಇತ್ತು. ಇಳಿದ ವಿಸ್ಕಿ ಮಾತ್ರ ಲಫ್ರಾಯ್ಗ್ ಆಗಲಿಲ್ಲ. ಮಾಲ್ಟ್ ಮಿಲ್ 1960ರ ದಶಕದವರೆಗೆ ನಡೆದು ನಿಂತಿತು. ಮೇಲೆ ಮಂಡ್ಯದ ಅಣ್ಣ ಬೆಲ್ಲದ ಬಗ್ಗೆ ಹೇಳಿದ್ದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಅಮೆರಿಕದಲ್ಲಿ 1920ರಿಂದ 1933ರವರೆಗೆ ಪಾನನಿರೋಧ ಇದ್ದಾಗ ಆಗಿನ ಮಾಲೀಕ ಇಯನ್ ಹಂಟರ್ ಇದನ್ನು ಔಷಧಿಯೆಂದು ಅಲ್ಲಿಗೆ ಕಳಿಸಿದರು. ಮೂಸಿ ನೋಡಿದ ಸುಂಕದವರು ಔಷಧಿ ಎಂದು ಒಪ್ಪಿದ್ದರಲ್ಲಿ ಆಶ್ಚರ್ಯವಿಲ್ಲ. 1934ರಲ್ಲಿ ಬೇಸಿಗೆಯ ತಾತ್ಕಾಲಿಕ ಕೆಲಸಕ್ಕೆಂದು ಬೆಸ್ಸಿ ವಿಲಿಯಮ್ಸನ್ ಕಚೇರಿಗೆ ಸೇರಿದರು. ಹಂಟರ್ 1954ರಲ್ಲಿ ತೀರಿಕೊಂಡಾಗ ಡಿಸ್ಟಿಲರಿ ಅವರ ಹೆಸರಿಗೆ ಬಂತು. ಆ ಕಾಲದಲ್ಲಿ ಸ್ಕಾಚ್ ಡಿಸ್ಟಿಲರಿ ನಡೆಸಿದ ಹೆಂಗಸು ಅವರನ್ನು ಬಿಟ್ಟರೆ ಹುಡುಕಿದರೂ ಸಿಗುವುದು ಕಷ್ಟ. ಐಲಾದ ಮಾಲ್ಟನ್ನು ಬ್ಲೆಂಡ್‌ಗೆ, ಅಂದರೆ ಹಲವು ವಿಸ್ಕಿಗಳ ಮಿಶ್ರಣಕ್ಕೆ, ಬೆರೆಸಿ ಮುಗಿಸದೆ ಹಾಗೆಯೇ ಬಾಟಲಿಯಲ್ಲಿ ಮಾರಬೇಕೆಂದು ಊರೂರು ತಿರುಗಿ ಹೇಳಿದವರು ಅವರು. ಈ ಬಾಟಲಿ ಮೈಸೂರಿನ ಮನೆಯೊಂದಕ್ಕೆ ತಲುಪಿದೆ ಎಂದರೆ ಅದರಲ್ಲಿ ಅವರ ಪಾಲು ದೊಡ್ಡದು.


ಸರಸ್ವತಿಪುರಂ ವಾಸಿ, ಮೈಸೂರು

ಎಲ್ಲರಿಗೂ ಧನ್ಯವಾದ. ಇಷ್ಟು ಸಿಗುತ್ತದೆ ಎಂದುಕೊಂಡಿರಲಿಲ್ಲ. ಇನ್ನೆರಡು ಉಳಿದಿವೆ. ಪೀಪಾಯಿಯಲ್ಲಿ 10 ವರ್ಷ ಏನಾಗುತ್ತದೆ? ಬೆಂಗಳೂರಿನ ಅಮೃತ್ ಸಿಂಗಲ್ ಮಾಲ್ಟ್‌ನ ಹೆಚ್ಚಿನ ಬಾಟಲಿಗಳ ಮೇಲೆ ವಯಸ್ಸೇ ಹಾಕಿರುವುದಿಲ್ಲ, ಆದರೂ ಹೊಗಳುತ್ತಾರಲ್ಲ, ಏಕೆ? ಮತ್ತೆ ಕುಡಿಯುವ ಕ್ರಮ.


ಪೀಪಾಯಿ ಲೆಕ್ಕ, ಮೈಸೂರು

ಪೀಪಾಯಿ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ.

ಲಫ್ರಾಯ್ಗ್ 10ಕ್ಕೆ ಬಳಸುವುದು ಅಮೆರಿಕದ ಬರ್ಬನ್ ವಿಸ್ಕಿ ತುಂಬಿ ಖಾಲಿಯಾದ, ಸುಮಾರು 200 ಲೀಟರಿನ ಓಕ್ ಪೀಪಾಯಿ. ಬರ್ಬನ್‌ಗೆ ಪ್ರತಿಸಲ ಹೊಸ ಪೀಪಾಯಿ ಬೇಕೆಂಬುದು ಅಲ್ಲಿನ ಕಾನೂನು, ಹಾಗಾಗಿ ಹಳೆಯವು ಸ್ಕಾಟ್ಲೆಂಡಿಗೆ ಹೋಗುತ್ತವೆ. ಒಳಮೈ ಸುಟ್ಟಿರುತ್ತದೆ. ಆ ಇದ್ದಿಲಿನ ಪದರ ಗಂಧಕದ ವಾಸನೆಯನ್ನು ಹೀರುತ್ತದೆ, ಅದರ ಕೆಳಗಿನ ಕಾದ ಮರ ವೆನಿಲಾ, ಕ್ಯಾರಮೆಲ್, ಕೊಬ್ಬರಿಯಂಥ ಪರಿಮಳ ಬಿಡುತ್ತದೆ. ಲಫ್ರಾಯ್ಗ್ ನುಂಗಿದ ಮೇಲೆ ನಾಲಿಗೆಯಲ್ಲಿ ಉಳಿಯುವ ಸಿಹಿ ಇದರದೇ. ಪೀಪಾಯಿಗೆ ತುಂಬುವ ಸ್ಪಿರಿಟ್ಟನ್ನು ಸಾಮಾನ್ಯವಾಗಿ ಶೇ. 63.5ಕ್ಕೆ ಇಳಿಸಿಕೊಂಡಿರುತ್ತಾರೆ.

ಆವಿಯಾಗಿ ಹೋಗುವುದು ಸ್ಕಾಟ್ಲೆಂಡಿನಲ್ಲಿ ವರ್ಷಕ್ಕೆ ಶೇ. 2. 200 ಲೀಟರ್ ತುಂಬಿದರೆ 10 ವರ್ಷಕ್ಕೆ 163 ಲೀಟರ್ ಉಳಿಯುತ್ತದೆ. ಬೆಂಗಳೂರಿನ ಹವೆಯಲ್ಲಿ ಅಮೃತ್‌ನವರು ಹೇಳುವ ನಷ್ಟ ವರ್ಷಕ್ಕೆ ಶೇ. 10-12. ಶೇ. 11 ಎಂದು ಹಿಡಿದರೂ 5 ವರ್ಷಕ್ಕೆ 112 ಲೀಟರ್, 10 ವರ್ಷಕ್ಕೆ 62 ಲೀಟರ್. ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಗಾಳಿಗೆ ಹೋಯಿತು. ಮರದ ಸಾರ ಇಳಿಯುವ ವೇಗವೂ ಅಷ್ಟೇ ಹೆಚ್ಚು. ಇಲ್ಲಿ 10 ವರ್ಷ ಇಟ್ಟರೆ ಒಗರು ಮರದ ರುಚಿ ಮಿಕ್ಕೆಲ್ಲವನ್ನೂ ಮುಚ್ಚುವ ಅಪಾಯವಿದೆ. ಅದಕ್ಕೆ ನಾಲ್ಕೈದು ವರ್ಷಕ್ಕೇ ತೆಗೆಯುತ್ತಾರೆ. ಆ ಅಂಕಿಯನ್ನು ಲೇಬಲ್ ಮೇಲೆ ಹಾಕಿದರೆ 12, 18 ನೋಡಿ ಅಭ್ಯಾಸವಾದವರು ಕಡಿಮೆ ದರ್ಜೆಯದೆಂದು ತಪ್ಪು ತಿಳಿಯುತ್ತಾರೆ. ನನಗನಿಸುವುದು, ವಯಸ್ಸನ್ನು ಎರಡು ಹವಾಮಾನಗಳ ನಡುವೆ ಹೋಲಿಸುವುದೇ ತಪ್ಪು.

ಅಮೃತ್‌ನ ಡಿಸ್ಟಿಲರಿ ಇರುವುದು ಬೆಂಗಳೂರಿನಿಂದ ನಮ್ಮ ಕಡೆ ಬರುವ ಮೈಸೂರು ರಸ್ತೆಯ ಕಂಬೀಪುರದಲ್ಲಿ. ಅವರ ಸಿಂಗಲ್ ಮಾಲ್ಟ್ ಮೊದಲು ಬಿಡುಗಡೆಯಾದದ್ದು 2004ರಲ್ಲಿ, ಗ್ಲ್ಯಾಸ್ಗೊದಲ್ಲಿ. ನಿಮಗೆ ಲಫ್ರಾಯ್ಗ್ ಒಮ್ಮೆಲೇ ಜೋರಾದರೆ ನಡುವೆ ಒಂದು ಮೆಟ್ಟಿಲಾಗಿ ಅಮೃತ್ ಫ್ಯೂಷನ್ ನೋಡಿ. ಅದರಲ್ಲಿ ಹೊಗೆಯಿಲ್ಲದ ಭಾರತದ ಬಾರ್ಲಿಯ ಜೊತೆಗೆ ಪೀಟ್ ಹೊಗೆ ಹಿಡಿಸಿದ ಸ್ಕಾಟ್ಲೆಂಡಿನ ಬಾರ್ಲಿಯನ್ನೂ ಬಳಸುತ್ತಾರೆ. ಶೇ. 50 ಇದೆ, ನೀರು ಬೆರೆಸದೆ ಕುಡಿಯಬೇಡಿ.

ಇನ್ನೊಂದು ಮಾತು. ವಯಸ್ಸು ಹೆಚ್ಚಿದಂತೆ ಹೊಗೆ ತಗ್ಗುತ್ತದೆ. ಹೊಗೆಗಾಗಿಯೇ ಲಫ್ರಾಯ್ಗ್ ಕೊಳ್ಳುವವರು ಹೆಚ್ಚು ದುಡ್ಡು ಕೊಟ್ಟು 25 ವರ್ಷದ್ದನ್ನು ತಂದರೆ ನಿರಾಸೆಯಾಗಬಹುದು. 2004ರಿಂದ ಬರುತ್ತಿರುವ ಕ್ವಾರ್ಟರ್ ಕ್ಯಾಸ್ಕ್ ಎಳೆಯದು, ಶೇ. 48, ಕೊನೆಯ ಕೆಲವು ತಿಂಗಳು ಸಣ್ಣ ಪೀಪಾಯಿಯಲ್ಲಿ ಇಟ್ಟದ್ದು. ಪೀಪಾಯಿ ಸಣ್ಣದಾದಷ್ಟೂ ಲೀಟರಿಗೆ ತಾಗುವ ಮರ ಹೆಚ್ಚು, ಹಾಗಾಗಿ ಅದರಲ್ಲಿ ಹೊಗೆಯೂ ಜೋರು, ಸಿಹಿಯೂ ಜೋರು.


ತಿಳಿನೀರು, ಮೈಸೂರು

ಕುಡಿಯುವ ಕ್ರಮದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ನೀರು, ಅದನ್ನು ಯಾರೂ ಹೇಳುವುದಿಲ್ಲ. ನಮ್ಮ ನಲ್ಲಿಯಲ್ಲಿ ಬರುವ ಕಾವೇರಿ ನೀರಿಗೆ ಕ್ಲೋರಿನ್ ಹಾಕಿರುತ್ತಾರೆ. ಕ್ಲೋರಿನ್ ಫಿನಾಲ್ ಜೊತೆ ಸೇರಿದರೆ ಕ್ಲೋರೋಫಿನಾಲ್ ಆಗುತ್ತದೆ. ಅತ್ಯಲ್ಪ ಪ್ರಮಾಣದಲ್ಲಿದ್ದರೂ ಮೂಗಿಗೆ ಗೊತ್ತಾಗುವ, ಅಪ್ಪಟ ಆಸ್ಪತ್ರೆ ವಾಸನೆ ಅದರದು. ಬೇರೆ ವಿಸ್ಕಿಗಳಲ್ಲಿ ಇದು ಅಷ್ಟು ತೊಂದರೆ ಕೊಡುವುದಿಲ್ಲ, ಫಿನಾಲ್ ತುಂಬಿದ ಲಫ್ರಾಯ್ಗ್‌ನಲ್ಲಿ ಕೊಡುತ್ತದೆ. ನಲ್ಲಿ ನೀರನ್ನು ಹತ್ತು ನಿಮಿಷ ತೆರೆದ ಪಾತ್ರೆಯಲ್ಲಿ ಕುದಿಸಿ ಆರಿಸಿ, ಇಲ್ಲವೇ ಆರ್‌ಓ ನೀರು ಬಳಸಿ. ಐಸ್ ಮಾಡುವ ನೀರಿಗೂ ಇದೇ ಮಾತು. ಮಂಡ್ಯ ಕಡೆಯ ಗಡಸು ಬೋರ್ ನೀರು ಬೇಡ, ಅದರ ಉಪ್ಪಿನ ರುಚಿ ಎದ್ದು ಕಾಣುತ್ತದೆ.

ಬಾಯಿ ಕಿರಿದಾದ, ಹೊಟ್ಟೆ ಅಗಲವಾದ ಗ್ಲಾಸಿಗೆ 30 ಮಿ.ಲೀ. ಹಾಕಿ ಐದು ನಿಮಿಷ ಬಿಡಿ. ಮೂಗನ್ನು ಒಳಗೆ ತೂರಿಸಬೇಡಿ, ಬಾಯಿ ಸ್ವಲ್ಪ ತೆರೆದು ಗ್ಲಾಸಿನ ಅಂಚಿನಲ್ಲಿ ಮೂಸಿ. ಮೊದಲ ಗುಟುಕು ಹಾಗೆಯೇ. ಆಮೇಲೆ ಒಂದು ಟೀ ಚಮಚ, ಅಂದರೆ 5 ಮಿ.ಲೀ. ನೀರು. ಶೇ. 40 ಇದ್ದದ್ದು ಶೇ. 34ಕ್ಕೆ ಬರುತ್ತದೆ, ಮದ್ಯದ ಉರಿ ತಗ್ಗಿ ಹೊಗೆಯ ಹಿಂದಿನ ವೆನಿಲಾ, ಉಪ್ಪು, ಕಡಲಪಾಚಿ ಬೇರೆ ಬೇರೆಯಾಗಿ ಸಿಗುತ್ತವೆ. ಮೂಸುವುದಕ್ಕೆ ಮಾತ್ರವಾದರೆ ಸಮಪಾಲು ನೀರು ಬೆರೆಸಿ ಶೇ. 20ಕ್ಕೆ ತನ್ನಿ, ವಿಸ್ಕಿ ಬೆರೆಸುವ ಪರಿಣತರು ಮೂಸುವುದು ಅಷ್ಟಕ್ಕೇ ಇಳಿಸಿ.

ಏಪ್ರಿಲ್‌ನಲ್ಲಿ ಕೋಣೆ 32-33 ಡಿಗ್ರಿ ಇದ್ದರೆ ಮದ್ಯದ ಆವಿಯೇ ಮೊದಲು ಮೂಗಿಗೆ ಹೊಡೆಯುತ್ತದೆ, ಮಿಕ್ಕದ್ದು ಕಾಣುವುದಿಲ್ಲ. ಗ್ಲಾಸನ್ನು ಹತ್ತು ನಿಮಿಷ ಫ್ರಿಜ್‌ನಲ್ಲಿಟ್ಟು ತೆಗೆದರೆ ಸಾಕು, ಕಾವು ಒಂದಿಷ್ಟು ತಗ್ಗುತ್ತದೆ. ಐಸ್ ಹಾಕಿದರೆ ಸಿಹಿ ಮುದುಡಿ ಬರೀ ಬೂದಿ ಉಳಿಯುತ್ತದೆ. ಐಸೇ ಬೇಕೆಂದರೆ ಪೂರ್ತಿ ಸೋಡಾ ಕಡೆಗೇ ಹೋಗಿ, 30ಕ್ಕೆ 90-100 ಮಿ.ಲೀ. ತಣ್ಣನೆ ಸೋಡಾ, ಮೇಲೆ ನಿಂಬೆ ಸಿಪ್ಪೆ. ಸೆಖೆಗೆ ಅದು ನಿಜಕ್ಕೂ ಚೆನ್ನಾಗಿದೆ.

ಜೊತೆಗೆ ಖಾರ ಬೇಡ. ಮೆಣಸಿನ ಉರಿಯ ಮೇಲೆ ಮದ್ಯದ ಉರಿ ಬಿದ್ದರೆ ನಾಲಿಗೆಗೆ ಬೇರೇನೂ ತಿಳಿಯುವುದಿಲ್ಲ. ಉಪ್ಪು ಹಾಕಿ ಹುರಿದ ಗೋಡಂಬಿ, ಅಥವಾ ಒಂದು ಚೂರು ಅಚ್ಚು ಬೆಲ್ಲ ಬಾಯಲ್ಲಿಟ್ಟು ನೋಡಿ. ಬೆಲ್ಲದ ಜೊತೆ ಲಫ್ರಾಯ್ಗ್‌ನ ಹೊಗೆ ತುಂಬ ಹೊಂದುತ್ತದೆ.


ಸರಸ್ವತಿಪುರಂ ವಾಸಿ, ಮೈಸೂರು

ಕುದಿಸಿ ಆರಿಸಿದ ನೀರಿನಲ್ಲಿ ನೋಡಿದೆ, ಟಿಂಚರ್ ವಾಸನೆ ನಿಜವಾಗಿಯೂ ತಗ್ಗಿತು, ಸಿಹಿ ಕಾಣಿಸಿತು. ಇಡುವ ಕ್ರಮ ಮತ್ತು ನಕಲಿಯ ಬಗ್ಗೆಯೂ ಒಂದೆರಡು ಮಾತು ಹೇಳಿ.


ಹೊಗೆಗೂಡು, ಮೈಸೂರು

ಪೀಟ್ ಹೊಗೆಯನ್ನು ಎಸೆನ್ಸಿನಿಂದ ನಕಲು ಮಾಡುವುದು ಕಷ್ಟ. ಆದರೆ ಸೀಲು ಹರಿದಿದ್ದರೆ, ಮಟ್ಟ ಕಡಿಮೆಯಿದ್ದರೆ, ಇಲ್ಲಿನ ಅಂಗಡಿಯಲ್ಲಿ ಕೊಂಡ ಬಾಟಲಿಗೆ ಅಬಕಾರಿ ಚೀಟಿ ಇಲ್ಲದಿದ್ದರೆ ರುಚಿ ನೋಡಿ ಪರೀಕ್ಷೆ ಮಾಡಲು ಹೋಗಬೇಡಿ. ಮೆಥನಾಲ್ ಬೆರೆತಿದ್ದರೆ ಮೂಗಿಗೂ ನಾಲಿಗೆಗೂ ಗೊತ್ತಾಗುವುದಿಲ್ಲ.

ಬಾಟಲಿಯನ್ನು ನಿಲ್ಲಿಸಿಯೇ ಇಡಬೇಕು. ವೈನ್ ಹಾಗೆ ಮಲಗಿಸಿದರೆ ಶೇ. 40ರ ಮದ್ಯ ಬಿರಡೆಯನ್ನು ತಿಂದು ಪುಡಿ ಮಾಡುತ್ತದೆ. ಬಿಸಿಲು ಬೀಳದ ಕಪಾಟು ಸಾಕು, ಫ್ರಿಜ್ ಬೇಡ. ತಿಂಗಳಿಗೊಮ್ಮೆ ಒಂದು ಕ್ಷಣ ಬಗ್ಗಿಸಿ ಬಿರಡೆ ಒದ್ದೆ ಮಾಡಿ, ಇಲ್ಲವಾದರೆ ಬೇಸಿಗೆಯಲ್ಲಿ ಒಣಗಿ ತೆಗೆಯುವಾಗ ಮುರಿಯುತ್ತದೆ. ಮುರಿದರೆ ಕಾಫಿ ಫಿಲ್ಟರ್ ಕಾಗದದಲ್ಲಿ ಸೋಸಿ, ಬೇರೆ ಬಾಟಲಿಯ ತೊಳೆದು ಒಣಗಿಸಿದ ಬಿರಡೆ ಹಾಕಿ. ಆ ಬಿರಡೆ ಹೊಗೆಯಿಲ್ಲದ ವಿಸ್ಕಿಯದ್ದಾದರೂ ಪರವಾಗಿಲ್ಲ, ಆದರೆ ಲಫ್ರಾಯ್ಗ್ ಬಿರಡೆಯನ್ನು ನಿಮ್ಮ ಗ್ಲೆನ್‌ಲಿವೆಟ್‌ಗೆ ಹಾಕಬೇಡಿ, ಹೊಗೆ ಅದಕ್ಕೂ ಹತ್ತುತ್ತದೆ. ಅರ್ಧಕ್ಕಿಂತ ಕೆಳಗಿಳಿದ ಮೇಲೆ ಒಳಗಿನ ಗಾಳಿಗೆ ಹೊಗೆಯೇ ಮೊದಲು ಮಂಕಾಗುವುದು. ಆಗ 375 ಅಥವಾ 180 ಮಿ.ಲೀ. ಗಾಜಿನ ಬಾಟಲಿಗೆ ಕಂಠದವರೆಗೆ ತುಂಬಿ ಮುಚ್ಚಿಡಿ.